ಜುಬೇದಕ್ಕನ ಸೆಟ್ಟು

ಮೊನ್ನೆ ಷೋಕೇಸು ಒರೆಸುತ್ತಿದ್ದ ನನ್ನ ಸೊಸೆ ಒಂದು ಕಪ್ಪು-ಸಾಸರನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದು, "ಅತ್ತೆ, ಇದರ ಸೆಟ್ ಎಲ್ಲಿ? ಒಂಟಿ ಕಪ್ಪು ಯಾಕೆ ಇಟ್ಕೊಂಡಿದೀರಾ? ಕಿವಿ ಬೇರೆ ಮುಕ್ಕಾಗಿದೆ, ಎಸೆದುಬಿಡ್ಲಾ?" ಎಂದಳು. ನಾನು ದಡಕ್ಕನೆ ಎದ್ದೆ. ಎದ್ದ ರಭಸಕ್ಕೆ ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದ ಅವರೆಕಾಳೆಲ್ಲ ನೆಲದ ಪಾಲಾಯಿತು. ಮಂಡಿನೋವು ಮಂಡಿನೋವು ಎಂದು ಮೂರು ಹೊತ್ತೂ ನರಳುವ ಅತ್ತೆ ಹೀಗೆ ಚಂಗನೆ ಎದ್ದದ್ದನ್ನು ನೋಡಿ ಅವಳೂ ಬೆಚ್ಚಿಬಿದ್ದಳು. ಕಪ್ಪನ್ನು ಅವಳ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ ಮತ್ತೆ ಅದರ ಜಾಗದಲ್ಲಿಟ್ಟ ಮೇಲೆಯೇ ನನಗೆ ಉಸಿರು ಬಂದದ್ದು.

ಸೆಟ್ ಎಲ್ಲಿ ಎಂದು ಕೇಳಿದಳಲ್ಲ, ಆ ಮಾತೇ ನನ್ನನ್ನು ಎಳೆದುಕೊಂಡು ಹೋಗಿ ಗುಬ್ಬಿಯ ನಮ್ಮ ಹಳೇ ಬೀದಿಯಲ್ಲಿ ನಿಲ್ಲಿಸಿಬಿಟ್ಟಿತು. ಈ ಸೆಟ್ ಎನ್ನುವ ಪದವನ್ನು ಇಂಗ್ಲಿಷಿನವರು ಯಾವ ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದಾರೋ ನನಗೆ ಗೊತ್ತಿಲ್ಲ. ನಾನು ಇಂಗ್ಲಿಷಿನಲ್ಲಿ ಮೂವತ್ತೈದು ತೆಗೆದುಕೊಂಡು ಪಾಸಾದವಳು. ಆದರೆ ನಮ್ಮ ಕಡೆಗೆ ಬಂದಮೇಲೆ ಅದಕ್ಕೆ ಒಂದು ಗಳಿಗೆ ಪುರುಸೊತ್ತು ಇರಲಿಲ್ಲ ಎಂಬುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ. ಕಡಬದಲ್ಲಿದ್ದ ನನ್ನ ಸೋದರಮಾವ ತೋಟಕ್ಕೆ ಪಂಪ್‌ಸೆಟ್ ಹಾಕಿಸಿದ ವರ್ಷದಿಂದ ಅವರ ಮನೆತನದ ಹೆಸರೇ ಹೋಗಿ 'ಪಂಪ್‌ಸೆಟ್ ಮನೆಯವರು' ಎಂದಾಯಿತು. ಬೀದಿಗೆ ಒಂದಿದ್ದದ್ದು ರೇಡಿಯೋ ಸೆಟ್. ಹೆಣ್ಣುಮಕ್ಕಳ ಕನಸಿನಲ್ಲಿದ್ದದ್ದು ಓಲೆ, ಸರ, ಬಳೆ ಒಂದೇ ಥರ ಇರುವ ಒಡವೆ ಸೆಟ್. ಕಾಲೇಜಿಗೆ ಹೋಗುವ ಹುಡುಗರದು ಒಂದು ಸೆಟ್, ಅವರ ಕಂಡರೆ ಆಗದವರದು ಇನ್ನೊಂದು ಸೆಟ್. ಅತ್ತೆ-ಸೊಸೆಗೆ 'ಸೆಟ್ ಆಗಲಿಲ್ಲ' ಎಂದರೆ ಬೇರೆ ಒಲೆ ಹೂಡಿದರು ಎಂದು ತಿಳಿದುಕೊಳ್ಳಬೇಕು.

ನನ್ನ ಪಾಲಿಗೆ ಈ ಪದ ಎದುರಾದಾಗಲೆಲ್ಲ ಆಘಾತವೇ. ಮೊದಲನೇ ಸಲ ಅಪ್ಪನ ಜೊತೆ ತುಮಕೂರಿಗೆ ಹೋಗಿದ್ದಾಗ ಹೋಟೆಲಿನಲ್ಲಿ ಅಪ್ಪ "ಒಂದು ಸೆಟ್" ಎಂದರು. ಮಾಣಿ ಮೂರು ದೋಸೆ ತಂದಿಟ್ಟ. ಇಷ್ಟು ದೊಡ್ಡ ಊರಿನಲ್ಲಿ ಇಂಥ ತಪ್ಪು ಮಾಡುತ್ತಾರಲ್ಲ ಎಂದು ನಾನು ಗಾಬರಿಯಾಗಿ, ಎರಡನ್ನು ವಾಪಸು ತೆಗೆದುಕೊಂಡು ಹೋಗಿ ಎಂದು ಅವನಿಗೇ ತಟ್ಟೆ ಚಾಚಿದೆ. ಅಪ್ಪ ಆ ಕಥೆಯನ್ನು ನಮ್ಮ ದಿನಸಿ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತಿಂಗಳುಗಟ್ಟಲೆ ಹೇಳಿದರು. ಇನ್ನೊಂದು ಸಲ, ಕಡಬದ ಮಾವನ ಮನೆಯಲ್ಲಿ ಬಾಯಾರಿಕೆಯಾಗಿ ಕಿಟಕಿಯ ಮೇಲಿದ್ದ ನೀರಿನ ಲೋಟ ಎತ್ತಿ ತುಟಿಗಿಟ್ಟೆ. ಲೋಟದ ತಳದಿಂದ ಅಷ್ಟೂ ಹಲ್ಲು ಒಟ್ಟಿಗೆ ನನ್ನನ್ನು ನೋಡಿ ಕಿಸಿದವು. ಚೀರಿ ಲೋಟ ಎಸೆದೆ. ಅತ್ತೆ ಓಡಿಬಂದು, "ಅಯ್ಯೋ, ನಿಮ್ ಮಾವನ್ ಸೆಟ್ಟು ಕಣೇ, ಒಡ್ದೋಯ್ತಾ?" ಎಂದು ನೆಲ ತಡಕಿದರೇ ಹೊರತು ನನಗೇನಾಯಿತು ಎಂದು ಕೇಳಲಿಲ್ಲ. ಮದುವೆ ಮನೆಯ ಮೈಕ್‌ಸೆಟ್ಟಿನ ವಿಷಯವಂತೂ ಕೇಳಲೇಬೇಡಿ. ಆರಿಸುವುದನ್ನು ಮರೆತ ಮೈಕಿನ ಪಕ್ಕದಲ್ಲೇ ನಿಂತು ನನ್ನ ಚಿಕ್ಕಮ್ಮ ಅಡಿಗೆಯವನಿಗೆ, ಬೀಗರು ಊಟಕ್ಕೆ ಕೂರುವ ಮುಂಚೆ ತುಪ್ಪದ ಡಬ್ಬಿ ಬಚ್ಚಿಡು ಎಂದದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತ್ತು.

ಆದರೆ ನಮ್ಮ ಬೀದಿಯ ಹೆಂಗಸರು ಬರೀ 'ಸೆಟ್ಟು' ಎಂದರೆ ಅದು ಇದ್ಯಾವುದೂ ಅಲ್ಲ. ಅದು ಜುಬೇದಕ್ಕನ ಸೆಟ್ಟು.

ಜುಬೇದಕ್ಕ ನಮ್ಮ ಗೋಡೆಯಾಚೆಯ ಮನೆಯವಳು. ಅವಳ ಗಂಡ ಬಾಷಾ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಜುಬೇದಕ್ಕನ ಮದುವೆಗೆ ಅವಳ ಅಣ್ಣ ಆರು ಕಪ್ಪು, ಆರು ಸಾಸರಿನ ಒಂದು ಪಿಂಗಾಣಿ ಸೆಟ್ ತಂದುಕೊಟ್ಟಿದ್ದನಂತೆ. ಬಿಳಿಯ ಮೈಗೆ ಸಣ್ಣ ನೀಲಿ ಹೂವು, ಅಂಚಿಗೆ ಚಿನ್ನದ ಗೆರೆ. ಸ್ಟೀಲ್ ಲೋಟದ ನಮ್ಮ ಬೀದಿಯಲ್ಲಿ ಇದ್ದದ್ದು ಅದೊಂದೇ ಸೆಟ್. ಹಾಗಾಗಿ ಯಾರ ಮನೆಗೇ ಹೆಣ್ಣು ನೋಡಲು ಬರಲಿ, ಹಿಂದಿನ ದಿನವೇ ಆ ಮನೆಯ ತಾಯಿ ಜುಬೇದಕ್ಕನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಜುಬೇದಕ್ಕ ಕಪ್ಪುಗಳನ್ನು ತೊಳೆದು, ಹಳೇ ಸೀರೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ, ಮಂಕರಿಯಲ್ಲಿಟ್ಟು ತಾನೇ ತಂದುಕೊಡುತ್ತಿದ್ದಳು. ಅವಳದು ಒಂದೇ ಕರಾರು. ಯಾವ ಹುಡುಗಿಯನ್ನು ನೋಡಲು ಬಂದಿದ್ದರೋ ಆ ಹುಡುಗಿಯೇ ಸೆಟ್ಟನ್ನು ವಾಪಸು ತರಬೇಕು. ತಂದವಳ ಅಂಗೈಗೆ ಒಂದು ಹಿಡಿ ಸಕ್ಕರೆ ಸುರಿದು, "ಒಳ್ಳೇ ಮನೆ ಸಿಗ್ಲಿ" ಎನ್ನುತ್ತಿದ್ದಳು.

ಸಕ್ಕರೆಯೇ ಏಕೆ ಎಂದರೆ, ನಮ್ಮ ಬೀದಿಯಲ್ಲಿ ಯಾರೂ ಆ ಮನೆಯಲ್ಲಿ ಟೀ ಕುಡಿಯುತ್ತಿರಲಿಲ್ಲ. ನಾವು ಹಣೆತುಂಬ ವಿಭೂತಿ ಹಚ್ಚುವವರು, ಅವರು ಮಾಂಸ ತಿನ್ನುವವರು. ಅಮ್ಮ ಸೆಟ್ ಕೇಳಲು ಹೋದಾಗ ಜುಬೇದಕ್ಕ "ಬಾ ಅಕ್ಕ, ಟೀ ಮಾಡ್ತೀನಿ" ಎನ್ನುವಳು. ಅಮ್ಮ ಹೊಸಲಿನಾಚೆಯೇ ನಿಂತು, "ಈಗ್ತಾನೆ ಕುಡ್ದೆ ಕಣೆ" ಎನ್ನುವಳು. ಆ ಕಪ್ಪುಗಳು ಮನೆಗೆ ಬಂದಮೇಲೆ ಹಿತ್ತಿಲಿಗೆ ಒಯ್ದು, ಹುಣಸೆಹಣ್ಣು ಬೂದಿ ಹಾಕಿ ಗಸಗಸ ತಿಕ್ಕುವಳು. ಎಲ್ಲ ಮನೆಯ ಅಮ್ಮಂದಿರೂ ಹಾಗೇ ತಿಕ್ಕಿ ತಿಕ್ಕಿ, ನಾನು ಮದುವೆಗೆ ಬರುವಷ್ಟರಲ್ಲಿ ಚಿನ್ನದ ಗೆರೆ ಅಲ್ಲೊಂದು ಚೂರು ಇಲ್ಲೊಂದು ಚೂರು ಮಾತ್ರ ಉಳಿದಿತ್ತು. ತಮಾಷೆ ಏನೆಂದರೆ, ಬಾಷಾ ಸಾಬರು ನಮ್ಮ ಹಂಡೆ, ಕೊಳದಪ್ಪಲೆಗಳ ಒಳಗೆ ಬರಿಗಾಲಲ್ಲಿ ಇಳಿದು, ಗೋಡೆ ಹಿಡಿದುಕೊಂಡು ಗಿರಗಿರ ತಿರುಗಿ ಉಜ್ಜಿ ಕಲಾಯಿ ಹಾಕುತ್ತಿದ್ದರು. ಆ ಪಾತ್ರೆಯಲ್ಲಿ ಬೇಯಿಸಿದ ಸಾರನ್ನು ನಾವೆಲ್ಲ ಚಪ್ಪರಿಸಿಕೊಂಡು ಉಣ್ಣುತ್ತಿದ್ದೆವು. ಅದನ್ನು ಯಾರೂ ಯೋಚಿಸಿದ್ದೇ ಇಲ್ಲ, ನಾನೂ ಯೋಚಿಸಿರಲಿಲ್ಲ.

ನನ್ನನ್ನು ನೋಡಲು ಕುಣಿಗಲ್ಲಿನಿಂದ ಬಂದದ್ದು ಎಪ್ಪತ್ತೊಂಬತ್ತರಲ್ಲೋ ಎಂಬತ್ತರಲ್ಲೋ ಇರಬೇಕು. ಅದಕ್ಕೆ ಮೊದಲು ಮೂರು ಕಡೆಯವರು ಬಂದು ಕೇಸರಿಬಾತು ತಿಂದು ಹೋಗಿದ್ದರು, ಉತ್ತರ ಬಂದಿರಲಿಲ್ಲ. ಅಮ್ಮ ಸೊರಗಿಹೋಗಿದ್ದಳು. "ಈ ಸಲನಾದ್ರೂ ಬಾಯ್ ಮುಚ್ಕೊಂಡು ಕೂತ್ಕೋ ಮಾರಾಯ್ತಿ. ಇದೂ ತಪ್ಪೋದ್ರೆ ನಾನ್ ಯಾರಿಗ್ ಮುಖ ತೋರಿಸ್ಲಿ?" ಎಂದು ಬೆಳಗಿನಿಂದ ಹತ್ತು ಸಲ ಹೇಳಿದಳು. ಹುಡುಗ ಹೈಸ್ಕೂಲು ಮೇಷ್ಟ್ರು. ನನಗೂ ಒಳಗೊಳಗೇ ಇದು ಆಗಲಿ ಎಂದೇ ಇತ್ತು. ಜುಬೇದಕ್ಕ ಸೆಟ್ ತಂದವಳು ಹಾಗೇ ಈರುಳ್ಳಿ ಹೆಚ್ಚಿಕೊಡುತ್ತ ಕೂತಿದ್ದಳು. ಗಂಡಿನ ಕಡೆಯವರ ಟ್ಯಾಕ್ಸಿ ಸದ್ದಾದ ಕೂಡಲೇ ಅಮ್ಮ ತಲೆ ತಗ್ಗಿಸಿಕೊಂಡು, "ಜುಬೇದಾ, ಒಂದ್ ಗಳಿಗೆ ಹಿತ್ಲಲ್ಲಿರ್ತೀಯೇನೆ?" ಎಂದಳು. ಜುಬೇದಕ್ಕ ಎದ್ದು ಹೋಗಿ ಹಿತ್ತಿಲ ಬಾಗಿಲ ಹಿಂದೆ ನಿಂತುಕೊಂಡಳು.

ಬಂದವರು ಮೂರೇ ಜನ. ಹುಡುಗ, ಅವರ ತಾಯಿ, ತಂದೆ. ಹುಡುಗನ ಮುಖ ನೋಡಬೇಕಾದ ನಾನು ಅವರ ತಂದೆಯ ಬಾಯನ್ನೇ ನೋಡುತ್ತ ನಿಂತೆ, ಏಕೆಂದರೆ ಆ ಹಣ್ಣು ಹಣ್ಣು ಮುದುಕರಿಗೆ ಅಷ್ಟು ಚೆಂದದ ಹಲ್ಲಿತ್ತು. ಕಾಫಿ ಕೊಟ್ಟ ಮೇಲೆ ಅಮ್ಮ ಚಕ್ಕುಲಿ ತಟ್ಟೆ ಮುಂದಿಟ್ಟಳು. ಅವರು ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟರು. ಬಾಯಿಗೆ ಕೈಹಾಕಿ, ಮೇಲಿನದು ಕೆಳಗಿನದು ಎರಡೂ ಸಾಲು ಹಲ್ಲನ್ನು ತೆಗೆದು ಸಾಸರಿನ ಮೇಲಿಟ್ಟು, "ಇದನ್ ಹಾಕ್ಕಂಡ್ರೆ ತಿನ್ನಕ್ಕಾಗಕಿಲ್ಲ ಕಣಮ್ಮ, ನೋಡಕ್ಕಷ್ಟೆ" ಎಂದು ಚಕ್ಕುಲಿ ಮುರಿದು ಕಾಫಿಯಲ್ಲಿ ಅದ್ದಿದರು. ಅಪ್ಪನ ಕೈಯಲ್ಲಿದ್ದ ಬೀಸಣಿಗೆ ಅಲ್ಲೇ ನಿಂತುಬಿಟ್ಟಿತು. ಕಡಬದ ಲೋಟ ನೆನಪಾಗಿ ನನಗೆ ಹೊಟ್ಟೆಯೊಳಗೇ ಚೀರಿದ ಹಾಗಾಯಿತು.

ಆಮೇಲಿನದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಹುಡುಗನ ತಾಯಿ ಕಪ್ಪನ್ನು ಎತ್ತಿದವರು ಕುಡಿಯದೆ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಸೆಟ್ಟು ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಬೆಂಗ್ಳೂರಲ್ಲಿ" ಎಂದುಬಿಟ್ಟಳು ಅಮ್ಮ.

"ಹೌದಾ? ಹೋದ್ ತಿಂಗ್ಳು ಇದೇ ಬೀದೀಲಿ ಆ ಕೊನೇ ಮನೆ ಹೆಣ್ ನೋಡಕ್ ಬಂದಿದ್ವಿ. ಅವರ ಮನೇಲೂ ಇದೇ ಹೂವು. ಇದೇ ಥರ ಒಂದು ಕಪ್ಪಿನ ಕಿವಿ ಮುಕ್ಕಾಗಿತ್ತು. ಆವತ್ತೂ ಇದು ನಂಗೇ ಬಂದಿತ್ತು."

ಬೀದಿಯ ತಾಯಂದಿರು ಇಷ್ಟು ವರ್ಷ ಸೆಟ್ ತಂದರು, ತಿಕ್ಕಿದರು, ಕೊಟ್ಟರು. ಒಂದೇ ಗಂಡಿನವರು ಎರಡು ಮನೆ ಹತ್ತಬಹುದು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ಚಾವಣಿ ನೋಡುತ್ತಿದ್ದರು. "ಹಂಗಾರೆ ಇದು ಯಾರ್ದು?" ಎಂದು ಆಕೆ ಕೇಳಿದರು. ಹಿತ್ತಿಲ ಬಾಗಿಲು ಒಂದು ಕೂದಲೆಳೆಯಷ್ಟು ಅಲ್ಲಾಡಿದ್ದು ನನಗೆ ಕಂಡಿತು.

"ಪಕ್ಕದ್ಮನೆ ಜುಬೇದಕ್ಕಂದು" ಎಂದೆ ನಾನು.

ಹಾಗೆ ಹೇಳಲು ನನಗೆ ಯಾವ ಧೈರ್ಯ ಬಂತೋ ಕಾಣೆ. ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದೆ ಎಂದು ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಕೊನೇ ಮನೆ ಹುಡುಗಿಯನ್ನೂ ನೋಡಿ ಬಂದಿದ್ದಾರೆ ಎನ್ನುವ ಹೊಟ್ಟೆಯುರಿಯೂ ಅದರಲ್ಲಿತ್ತು. ಆಕೆ ಕಪ್ಪನ್ನು ಟಕ್ಕನೆ ಕೆಳಗಿಟ್ಟರು. "ಸಾಬರ ಮನೇದಾ?" ಎಂದು ಸೆರಗಿನಿಂದ ತುಟಿ ಒರೆಸಿಕೊಂಡರು, ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಅಮ್ಮ ಅಳುವುದಕ್ಕೆ ಸಿದ್ಧವಾದಳು. ನಾನು ಮುಗಿಯಿತು ಎಂದುಕೊಂಡೆ.

ಆಗ ಆ ಮುದುಕರು ಸಾಸರಿನ ಮೇಲಿದ್ದ ಹಲ್ಲನ್ನು ಎತ್ತಿ ಹೆಂಡತಿಯ ಮೂಗಿನ ಮುಂದೆ ಹಿಡಿದರು. ಬೊಚ್ಚು ಬಾಯಲ್ಲಿ, "ನೋಡಿಲ್ಲಿ. ಈ ಸೆಟ್ ಕಟ್ಕೊಟ್ಟೋರು ಯಾರು ಗೊತ್ತೇನೇ? ತುಮ್ಕೂರಲ್ಲಿ ಒಬ್ರು ಸಾಬ್ರು. ಬಾಯೊಳಗೆ ಕೈ ಬುಟ್ಟು ಅಳತೆ ತಗಂಡವ್ರೆ. ಮೂರೊರ್ಸದಿಂದ ಇದ್ನ ಬಾಯಲ್ ಮಡಿಕ್ಕಂಡೇ ಲಿಂಗಪೂಜೆ ಮಾಡ್ತಾ ಇವ್ನಿ. ನೀನೇನೋ ಕಪ್ಪು ತುಟಿಗ್ ತಾಕ್ತು ಅಂತೀಯ. ಕುಡಿ ಬುಡು, ಆರೋಯ್ತದೆ" ಎಂದರು.

ಗಂಡನ ಹಲ್ಲಿನ ಸಂಗತಿ ಆಕೆಗೂ ಗೊತ್ತಿರಲಿಲ್ಲ ಎಂದು ಆ ಮುಖವೇ ಹೇಳುತ್ತಿತ್ತು. ಆಕೆ ಹಲ್ಲನ್ನು ನೋಡಿದರು, ಗಂಡನನ್ನು ನೋಡಿದರು, ಕೊನೆಗೆ ಕಪ್ಪೆತ್ತಿ ಕಷಾಯ ಕುಡಿಯುವ ಹಾಗೆ ಕಣ್ಣುಮುಚ್ಚಿ ಕುಡಿದರು. ಹುಡುಗ ತಲೆ ಬಗ್ಗಿಸಿ ನಗು ನುಂಗುತ್ತಿದ್ದ. ಆಗಲೇ ನಾನು ಅವರ ಮುಖ ಸರಿಯಾಗಿ ನೋಡಿದ್ದು. ಟ್ಯಾಕ್ಸಿ ಹತ್ತುವ ಮುಂಚೆಯೇ ಒಪ್ಪಿಗೆ ಹೇಳಿ ಹೋದರು. ಬೀದಿಯಲ್ಲೆಲ್ಲ "ಗಿರಿಜಂಗೆ ಸೆಟ್ ಆಯ್ತಂತೆ" ಎಂದು ಸುದ್ದಿಯಾಯಿತು.

ಈ ಕಥೆಯನ್ನು ನಾನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತೇನೆ. ಎಲ್ಲರೂ ನಗುತ್ತಾರೆ, ನನ್ನ ಧೈರ್ಯವನ್ನು ಹೊಗಳುತ್ತಾರೆ, ನಾನೂ ಹೊಗಳಿಸಿಕೊಳ್ಳುತ್ತೇನೆ. ಮುಂದಿನದನ್ನು ನಮ್ಮೆಜಮಾನರಿಗೂ ಹೇಳಿಲ್ಲ.

ಅವತ್ತು ಸಂಜೆ ಸೆಟ್ ವಾಪಸು ಕೊಡಲು ನಾನೇ ಹೋದೆ. ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಮ್ಮ ಸುಳ್ಳು ಹೇಳಿದಳು, ನಾನು ನಿಜ ಹೇಳಿದೆ, ಜುಬೇದಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಈಗ ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ಜುಬೇದಕ್ಕ ಮಂಕರಿ ಇಳಿಸಿಕೊಂಡಳು. ಅವತ್ತು ಸಕ್ಕರೆ ಡಬ್ಬಿಗೆ ಕೈಹಾಕಲಿಲ್ಲ. ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಬಟ್ಟೆ ಬಿಚ್ಚಿ ಆ ಕಿವಿ ಮುಕ್ಕಾದ ಕಪ್ಪನ್ನೇ ತೆಗೆದು, ತೊಳೆದು, ತುಂಬ ಟೀ ಬಗ್ಗಿಸಿ, ಸಾಸರಿನ ಮೇಲಿಟ್ಟು ನನ್ನ ಮುಂದೆ ಹಿಡಿದಳು.

"ತಗೋ ಕಣೇ. ನಿಮ್ಮನೆಗಳಲ್ಲೆಲ್ಲಾ ಓಡಾಡ್ಕೊಂಡ್ ಬಂತು ಇದು. ನಮ್ಮನೆಗ್ ಬಂದು ಒಬ್ರೂ ಇದ್ರಲ್ಲಿ ಕುಡೀಲಿಲ್ಲ."

"ಈಗ್ತಾನೆ ಕುಡ್ದೆ ಅಕ್ಕ" ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಅಮ್ಮನ ಮಾತು, ಅಮ್ಮನ ರಾಗ. ನಾನು ಹೊಸಲಿನಾಚೆಯೇ ನಿಂತಿದ್ದೆ ಎಂಬುದನ್ನೂ ಆಗಲೇ ಗಮನಿಸಿದ್ದು. ಹಲ್ಲು ನೋಡಿದಾಗ ಆಗದ, ಸಿಕ್ಕಿಬಿದ್ದಾಗಲೂ ಆಗದ ಆಘಾತ ನನಗೆ ಆಗ ಆಯಿತು. ಇನ್ನೊಂದು ಮಾತು ಹೇಳಬೇಕು, ಕೈ ಚಾಚಬೇಕು ಎಂದುಕೊಂಡೆ. ಕೈ ಏಳಲಿಲ್ಲ. ಜುಬೇದಕ್ಕ ಕೋಪ ಮಾಡಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಟೀಯನ್ನು ವಾಪಸು ಪಾತ್ರೆಗೆ ಸುರಿದಳು. ಕಪ್ಪು-ಸಾಸರನ್ನು ತೊಳೆದು ಒರೆಸಿ, ಬಟ್ಟೆ ಸುತ್ತಿ ನನ್ನ ಕೈಗಿಟ್ಟಳು. "ಹೋಗ್ಲಿ ಬಿಡು. ಮದ್ವೆಗೆ ನಂದೂ ಒಂದ್ ಉಡುಗೊರೆ ಇರ್ಲಿ. ನಿಮ್ಮನೇಲೇ ಕುಡಿ" ಎಂದಳು.

ಅದಾದಮೇಲೆ ಬೀದಿಯಲ್ಲಿ ಹೆಣ್ಣು ನೋಡಲು ಬಂದವರಿಗೆಲ್ಲ ಐದೇ ಕಪ್ಪು. ಆರನೆಯದನ್ನು ಯಾರು ಒಡೆದರು ಎಂದು ಹೆಂಗಸರು ಒಬ್ಬರ ಮೇಲೊಬ್ಬರು ಅನುಮಾನಪಟ್ಟರು. ಜುಬೇದಕ್ಕ ಯಾರಿಗೂ ಹೇಳಲಿಲ್ಲವಂತೆ. ಅವಳಿಗೆ ಅಣ್ಣ ಕೊಟ್ಟಿದ್ದ ಒಂದೇ ಒಂದು ಸೆಟ್ ನನ್ನಿಂದ ಸೆಟ್ ಅಲ್ಲದೇ ಹೋಯಿತು. ಕುಣಿಗಲ್ಲಿನ ಮನೆಯಲ್ಲಿ ಆ ಕಪ್ಪನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ಅದರಲ್ಲಿ ಒಂದು ತೊಟ್ಟು ಕುಡಿಯಲೂ ನನಗೆ ಮನಸ್ಸಾಗಲಿಲ್ಲ. ತವರಿಗೆ ಹೋದಾಗೆಲ್ಲ ಜುಬೇದಕ್ಕನ ಬಾಗಿಲ ಮುಂದೆ ಬೇಗ ಬೇಗ ದಾಟಿಕೊಂಡು ಹೋಗುತ್ತಿದ್ದೆ. ಅವಳೇ ಕೂಗಿ ಮಾತಾಡಿಸುವಳು, ನಾನೇ ಅವಸರ ನಟಿಸುವೆ.

ನಾಲ್ಕು ವರ್ಷ ಹೀಗೇ ಕಳೆಯಿತು. ಮಗನನ್ನು ಕರೆದುಕೊಂಡು ತವರಿಗೆ ಹೊರಟ ಒಂದು ದಿನ, ಅವನ ಚಡ್ಡಿ ಟೋಪಿಗಳ ನಡುವೆ ಆ ಕಪ್ಪು-ಸಾಸರನ್ನೂ ಇಟ್ಟುಕೊಂಡೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸುವಾಗ ನೂಕುನುಗ್ಗಲು. ಮಗುವನ್ನು ಯಾರದೋ ಮಡಿಲಿಗೆ ಕೊಟ್ಟು ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದೆ. ಎಂಥಾ ತಾಯಿ ಇವಳು ಎಂಬಂತೆ ಬಸ್ಸಿನವರೆಲ್ಲ ನೋಡಿದರು. ಗುಬ್ಬಿಯಲ್ಲಿ ಇಳಿದು ನಮ್ಮ ಮನೆಗೆ ಹೋಗದೆ, ಸೀದಾ ಪಕ್ಕದ ಮನೆಯ ಹೊಸಲು ದಾಟಿ ಒಳಗೆ ಹೋಗಿ ಒಲೆಯ ಪಕ್ಕ ಕೂತುಬಿಟ್ಟೆ.

"ಅಕ್ಕಾ, ಟೀ ಮಾಡು."

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಜುಬೇದಕ್ಕ ದಂಗಾಗಿ ನನ್ನನ್ನೇ ನೋಡಿದಳು. ನಾನು ಬ್ಯಾಗಿನಿಂದ ಕಪ್ಪು ತೆಗೆದು ಮುಂದಿಟ್ಟೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಎದ್ದು ಒಲೆ ಹೊತ್ತಿಸಿದಳು. "ಮಿಕ್ಕಿದ್ದೆಲ್ಲಿ?" ಎಂದೆ. "ಹಿಂದಿನ ಬೀದಿಗ್ ಹೋಗೈತೆ. ಯಾರೋ ಹೆಣ್ ನೋಡಕ್ ಬರ್ತಾವ್ರೆ" ಎಂದಳು. ಇದನ್ನೂ ಅವುಗಳ ಜೊತೆ ಸೇರಿಸಿಡು ಎಂದರೆ, ಕೊಟ್ಟದ್ದು ಕೊಟ್ಟಾಯ್ತು, ಹೋಗುವಾಗ ನೀನೇ ತಗೊಂಡು ಹೋಗು ಎಂದುಬಿಟ್ಟಳು. ಟೀಯನ್ನು ನನ್ನ ಕಪ್ಪಿಗೆ ತುಂಬಿಸಿ, ತನಗೊಂದು ಸ್ಟೀಲ್ ಲೋಟ ತೆಗೆದುಕೊಂಡಳು.

"ಬೇಡ, ನೀನೂ ಇದ್ರಲ್ಲೇ ಕುಡಿ."

"ನಾನಾ? ಅಯ್ಯೋ, ಇದ್ರಲ್ಲಿ ನಾನ್ ಯಾವತ್ತೂ ಕುಡ್ದಿಲ್ಲ ಕಣೇ. ಹೆಣ್ಮಕ್ಕಳ ಕಾರ್ಯಕ್ಕೆ ಅಂತ ಹಂಗೇ ಎತ್ತಿಟ್ಟಿದ್ದು."

ಬೀದಿಗೆ ಬೀದಿಯೇ ಕುಡಿದಿದ್ದ ಸೆಟ್ಟಿನಲ್ಲಿ ಅದರ ಒಡತಿ ಒಂದು ದಿನವೂ ಕುಡಿದಿರಲಿಲ್ಲ. ಅರ್ಧ ಟೀಯನ್ನು ಸಾಸರಿಗೆ ಬಗ್ಗಿಸಿ ಅವಳ ಮುಂದೆ ತಳ್ಳಿದೆ. ತಳ್ಳಿದ ಮೇಲೆ ನೆನಪಾಯಿತು, ಅವತ್ತು ನಮ್ಮ ಮಾವನವರು ಹಲ್ಲು ತೆಗೆದಿಟ್ಟಿದ್ದದ್ದು ಇಂಥದ್ದೇ ಸಾಸರಿನ ಮೇಲೆ, ಇದೇ ಇದ್ದರೂ ಇರಬಹುದು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ಬಾಗ್ಲು ಸಂದೀಲಿ ಎಲ್ಲಾ ನೋಡಿದೀನಿ ಬಿಡೇ" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಎರಡೂ ಕೈಯಲ್ಲಿ ಸಾಸರು ಹಿಡಿದು ಊದಿ ಊದಿ ಕುಡಿದಳು. ನಾನು ಕಪ್ಪಿನಲ್ಲಿ ಕುಡಿದೆ. ಶುಂಠಿ ಹೆಚ್ಚಾಗಿತ್ತು, ಸಕ್ಕರೆಯೂ ಹೆಚ್ಚಾಗಿತ್ತು. ನನಗೆ ಅಳು ಬಂದು ಮೂಗು ಸೋರುತ್ತಿತ್ತು.

ಅಷ್ಟರಲ್ಲಿ ಗೋಡೆಯಾಚೆಯ ನಮ್ಮ ಹಿತ್ತಿಲಿನಲ್ಲಿ ಅಮ್ಮನಿಗೆ ಮಗುವಿನ ಸದ್ದು ಕೇಳಿಸಿರಬೇಕು.

"ಗಿರಿಜಾ? ಬಂದ್ಯೇನೇ? ಅಲ್ಲೇನ್ ಮಾಡ್ತಿದೀಯಾ? ಬೇಗ ಬಾ, ಕಾಫಿ ಇಡ್ತೀನಿ."

ನಾನು ಕಪ್ಪು ಕೆಳಗಿಡದೆ ಅಲ್ಲಿಂದಲೇ ಕೂಗಿದೆ.

"ಬೇಡಮ್ಮಾ, ಈಗ್ತಾನೆ ಕುಡ್ದೆ!"